ಇಬ್ಬರು ಸತ್ಯವಂತರ ನಡುವೆ

ಉಗರಗೋಳದಲ್ಲಿ ಕಳ್ಳರು ಇರಲಿಲ್ಲವೆಂದಲ್ಲ, ಇದ್ದರು. ಆದರೆ ಆ ಊರನ್ನು ನಿಜವಾಗಿ ಕಾಡಿದವರು ಸತ್ಯವಂತರು. ಕಳ್ಳನಾದರೂ ಒಂದು ಸಲ ಕದ್ದು ಸುಮ್ಮನಾಗುತ್ತಾನೆ, ಸತ್ಯವಂತ ದಿನಾ ಬಾಗಿಲಿಗೆ ಬರುತ್ತಾನೆ. ಇದನ್ನು ಕೆಂಪವ್ವನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಒಬ್ಬ ಸತ್ಯವಂತ ಅವಳ ಗಂಡ, ಇನ್ನೊಬ್ಬ ಅವರ ಅಂಗಡಿಯ ಮಾಲೀಕ.

ಮಾಲೀಕ ನಿಜಗುಣಪ್ಪ ಸಾವಕಾರ ಎಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಕಾಯಿ, ಕರ್ಪೂರ, ಭಂಡಾರ ಮಾರಿ ದೊಡ್ಡವನಾದವನು. ಊರಲ್ಲಿ ಇಸ್ಪೀಟು ನಿಲ್ಲಿಸಿದವನು. ಗಂಡ ಸತ್ತ ರಾಚವ್ವ ಬಾವಿಕಟ್ಟೆಯ ಮೇಲೆ ಗಟ್ಟಿಯಾಗಿ ನಕ್ಕಳೆಂದು ಆಕೆಯನ್ನು ಚಾವಡಿಗೆ ಕರೆಸಿ ಬುದ್ಧಿ ಹೇಳಿದವನು. ತನ್ನ ಅಂಗಡಿಯ ಮಗ್ಗುಲಿನ ತಗಡಿನ ಶೆಡ್ಡನ್ನು ಕೇರಿಯ ಪರಸಪ್ಪನಿಗೆ ಹೊಲಿಗೆ ಅಂಗಡಿಗೆಂದು ಕೊಟ್ಟು, "ನಾ ಜಾತಿ ನೋಡೂದಿಲ್ರಿ" ಎಂದು ಕಂಡಕಂಡವರಿಗೆ ಹೇಳುತ್ತಿದ್ದ. ಮನೆಯೊಳಗೆ ಮಾತ್ರ ಅವನನ್ನು ಒಮ್ಮೆಯೂ ಕರೆದವನಲ್ಲ.

ಆ ಪರಸಪ್ಪನೇ ಕೆಂಪವ್ವನ ಗಂಡ. ಬೆಳಗಾವಿಗೆ ಹೋಗಿ ಬುದ್ಧನ ದೀಕ್ಷೆ ತೆಗೆದುಕೊಂಡು ಬಂದಿದ್ದ. ಸುಳ್ಳು ಆಡುವುದಿಲ್ಲ, ದೇವಿಯ ಭಂಡಾರ ಮುಟ್ಟುವುದಿಲ್ಲ ಎಂದು ಶಪಥ ಮಾಡಿದ್ದ. ಆ ಅರಿಸಿನದ ಪುಡಿಯ ಮೇಲೆ ಅವನಿಗಿದ್ದ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅವನ ಅಕ್ಕನಿಗೆ ಆಡುವ ವಯಸ್ಸಿನಲ್ಲಿ ಅದನ್ನೇ ಬಳಿದು ಮುತ್ತು ಕಟ್ಟಿ ದೇವಿಗೆ ಬಿಟ್ಟಿದ್ದರು. ಆಕೆ ಮುಂಬೈಯಲ್ಲಿ ಯಾರೂ ಇಲ್ಲದೆ ಸತ್ತಳು. ಕೆಂಪವ್ವನಿಗೆ ಗಂಡನ ಸಂಕಟ ಅರ್ಥವಾಗುತ್ತಿತ್ತು. ಆದರೆ ಎಲ್ಲಮ್ಮನ ಭಯ ಅವಳ ಎದೆಯಿಂದ ಹೋಗಿರಲಿಲ್ಲ.

ಎಪ್ಪತ್ತನಾಲ್ಕರ ಭಾರತ ಹುಣ್ಣಿಮೆಯ ಜಾತ್ರೆ ಮುಗಿದ ವಾರ ಚಾವಡಿಯಲ್ಲಿದ್ದ ಪಂಚಾಯ್ತಿ ರೇಡಿಯೋ ಕಳುವಾಯಿತು. ಅದೇ ದಿನ ನಸುಕಿನಲ್ಲಿ ಬಯಲಿಗೆ ಹೋಗಿದ್ದ ಕೆಂಪವ್ವ, ಸಾವಕಾರನ ಮಗ ಉಳವಪ್ಪ ಸೈಕಲ್ಲಿನ ಹಿಂದೆ ಚೌಕನೆಯ ಕಂಬಳಿ ಗಂಟು ಕಟ್ಟಿಕೊಂಡು ಸವದತ್ತಿ ರಸ್ತೆ ಹಿಡಿದದ್ದನ್ನು ನೋಡಿದ್ದಳು. ಕಳುವಿನ ಸುದ್ದಿ ಕಿವಿಗೆ ಬಿದ್ದದ್ದೇ ಮನೆಗೆ ಓಡಿಬಂದು ಗಂಡನಿಗೆ ಹೇಳಿದಳು.

"ಗಂಟು ಬಿಚ್ಚಿ ನೋಡೀ ಏನು?" ಎಂದ ಪರಸಪ್ಪ.

"ಇಲ್ರಿ. ಆದ್ರ ಅದರಾಗ ರೇಡಿಯೋನ ಇತ್ತು."

"ಕಾಣದ್ದನ್ನ ಕಂಡೇನಿ ಅನಬಾರದು. ಬಾಯಿ ಮುಚ್ಚು."

ಊರ ಗಂಡಸರೆಲ್ಲ ಭಂಡಾರ ಮುಟ್ಟಿ ಆಣೆ ಮಾಡಬೇಕು, ಸುಳ್ಳಾಡಿದವರನ್ನು ದೇವಿ ನೋಡಿಕೊಳ್ಳುತ್ತಾಳೆ ಎಂದು ಸಾವಕಾರ ಚಾವಡಿಯಲ್ಲಿ ಹೇಳಿದ. ಊರವರಿಗೆ ಹಿತ್ತಾಳೆ ತಾಟು, ಕೇರಿಯವರಿಗೆ ಕೆಳಗಿನ ಮೆಟ್ಟಿಲ ಮೇಲೆ ಮುತ್ತಲ ಎಲೆ. ಎಲ್ಲರಿಗಿಂತ ಮೊದಲು ಕೈ ಇಟ್ಟವನು ಉಳವಪ್ಪ. ಕಣ್ಣಲ್ಲಿ ನೀರು ತಂದುಕೊಂಡು ಆಣೆ ಮಾಡಿದ. ಪರಸಪ್ಪ ಮಾತ್ರ ಕೈ ಕಟ್ಟಿಕೊಂಡು ನಿಂತ.

"ನಾ ಕದ್ದಿಲ್ರಿ. ಬಾಯಿಲೆ ಹೇಳತೇನಿ. ಇದನ್ನ ಮುಟ್ಟೂದಿಲ್ಲ."

"ಮುಟ್ಟದಾವನ ಕಳ್ಳ," ಎಂದ ಸಾವಕಾರ. "ನಾಳೆ ಮುಂಜಾನಿ ಮುಟ್ಟು, ಇಲ್ಲಾಂದ್ರ ಶೆಡ್ಡು ಖಾಲಿ ಮಾಡು."

ಮನೆಯಲ್ಲಿ ಕೆಂಪವ್ವ ಗಂಡನ ಕಾಲು ಹಿಡಿದಳು. ಶೆಡ್ಡು ಹೋದರೆ ಉಣ್ಣುವುದೇನು ಎಂದು ಕೇಳಿದಳು. "ಉಪವಾಸ ಇದ್ರಾತು" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ. ಉಪವಾಸ ಇರುತ್ತೇನೆ ಎನ್ನುವವನಿಗೇನು, ಒಲೆ ಮುಂದೆ ಕೂಡುವವಳು ಬೇರೆ.

ಮುಂಜಾನೆ ಅವಳೇ ಚಾವಡಿಗೆ ಹೋದಳು. "ಅವರ ಬದಲಿ ನಾ ಮುಟ್ಟತೇನಿ, ನಡೀತೈತೇನ್ರಿ ಸಾವಕಾರ್ರ?" ಎಂದು ಕೇಳಿದಳು. ಸಾವಕಾರ ಮೀಸೆ ಸವರಿಕೊಂಡು, "ಗಂಡಾ ಹೇಣ್ತಿ ಒಂದ. ಮುಟ್ಟು" ಎಂದ. ಕೆಂಪವ್ವ ಎಲೆಯ ಮೇಲಿನ ಭಂಡಾರಕ್ಕೆ ಕೈ ಇಟ್ಟು ತನ್ನ ಗಂಡ ಕದ್ದಿಲ್ಲ ಎಂದಳು. ಅದು ನಿಜವೇ ಆಗಿದ್ದರಿಂದ ಎಲ್ಲಮ್ಮನಿಗೆ ಅಂಜಬೇಕಾಗಿರಲಿಲ್ಲ. ಕೂತವರೂ ಆಯಿತೆಂದು ತಲೆ ಆಡಿಸಿದರು. ಶೆಡ್ಡು ಉಳಿಯಿತೆಂದು ಅವಳ ಜೀವಕ್ಕೆ ಸಮಾಧಾನವಾಯಿತು.

ಅಷ್ಟರಲ್ಲಿ ಯಾರೋ ಹೇಳಿದ್ದನ್ನು ಕೇಳಿ ಪರಸಪ್ಪ ದಡದಡ ಬಂದ. ಹೆಂಡತಿಯ ಹಳದಿ ಕೈ ನೋಡಿದ. ಅವನ ಮುಖ ಕಪ್ಪಿಟ್ಟಿತು.

"ಆಕಿ ಮುಟ್ಟಿದ್ದು ನನ್ನ ಆಣಿ ಅಲ್ರಿ. ಭಂಡಾರ ಮುಟ್ಟಿದಾಕಿ ಇನ್ನ ನನ್ನ ಮನಿಯಾಕೀನೂ ಅಲ್ಲ."

ಕೆಂಪವ್ವನಿಗೆ ಮೈಯೆಲ್ಲ ಉರಿಯಿತು. ಯಾರ ಹೊಟ್ಟೆಗಾಗಿ ಅವಳು ಇಲ್ಲಿ ಮೆಟ್ಟಿಲ ಕೆಳಗೆ ನಿಂತಿದ್ದಳು? ಎರಡೂ ಕೈಯಲ್ಲಿ ಭಂಡಾರ ಬಾಚಿ ಹಿಡಿದಳು.

"ಹಂಗಾರ ಪೂರ್ತಿ ಕೇಳ್ರಿ. ರೇಡಿಯೋ ಒಯ್ದಾವ ಇವರ ಮಗ ಉಳವಪ್ಪ. ಸೈಕಲ್ ಮ್ಯಾಲ ಇಟ್ಕೊಂಡು ಹೊಂಟಿದ್ದ. ರೇಡಿಯೋನ ನನ್ನ ಕಣ್ಣಿಲೆ ಕಂಡೇನಿ!"

ಉಳವಪ್ಪನ ಮುಖದಲ್ಲಿ ನೆತ್ತರಿರಲಿಲ್ಲ. ಕೂತಿದ್ದವರಲ್ಲಿ ಒಬ್ಬಿಬ್ಬರು ಅವನನ್ನು ನೋಡಿ ಮುಖ ಕೆಳಗೆ ಹಾಕಿದರು, ಅವರಿಗೂ ಅನುಮಾನವಿತ್ತು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಏನಾದರೂ ಆಗುತ್ತಿತ್ತು. ಆದರೆ ಪರಸಪ್ಪ ಬಾಯಿ ತೆರೆದ.

"ಸುಳ್ಳು ಹೇಳಬ್ಯಾಡ. ನನ್ನ ಮುಂದ ಕಂಬಳಿ ಗಂಟು ಅಂದಿದ್ದಿ. ರೇಡಿಯೋ ಕಂಡಿಲ್ಲ ನೀ."

ಇಂಥ ಸತ್ಯಕ್ಕೆ ಬೆಂಕಿ ಬೀಳಬೇಕು! ಸಾವಕಾರನಿಗೆ ಹೋದ ಜೀವ ಬಂದಂತಾಯಿತು. ಎದ್ದು ನಿಂತ.

"ಕೇಳಿದ್ರೇನ್ರಿ? ಭಂಡಾರದ ಮ್ಯಾಲ ಕೈ ಇಟ್ಟು ಸುಳ್ಳು ಹೇಳ್ಯಾಳ! ಪರಸಪ್ಪ ನೋಡ್ರಿ, ಕಟಕೊಂಡಾಕಿ ಆದ್ರ ಏನಾತು, ಸುಳ್ಳನ್ನ ಸುಳ್ಳಂದ. ಇಂಥಾ ಮನಶ್ಯಾ ಕಳವು ಮಾಡತಾನೇನು? ಶೆಡ್ಡು ನಿನ್ನ ಹಂತೇಕನ ಇರ್ಲಿ, ತಮ್ಮಾ. ಈ ಕೆಂಪಿಗೆ ಮಾತ್ರ ಊರಾಗ ಯಾರೂ ನೀರು ಹಾಕಬ್ಯಾಡ್ರಿ."

ಎಲ್ಲರೂ ಹೌದೌದು ಎಂದರು. ಮೊದಲ ಸಲ ಸಾವಕಾರ ಕೇರಿಯವನ ಹೆಗಲ ಮೇಲೆ ಕೈ ಇಟ್ಟ. ಪರಸಪ್ಪ ಆ ಕೈಯನ್ನು ಕೊಡವಲಿಲ್ಲ. ರೇಡಿಯೋದ ಮಾತನ್ನು ಆಮೇಲೆ ಒಬ್ಬರೂ ಎತ್ತಲಿಲ್ಲ.

ಕೆಂಪವ್ವ ಅಳಲಿಲ್ಲ. ನೆಟ್ಟಗೆ ಶೆಡ್ಡಿಗೆ ಹೋಗಿ, ಅರ್ಧ ಹೊಲಿದ ಕುಪ್ಪಸವನ್ನು ಸೂಜಿಯಿಂದ ಕಿತ್ತು ಎಸೆದು, ಕೈಮಶಿನ್ ಎತ್ತಿ ತಲೆಯ ಮೇಲಿಟ್ಟುಕೊಂಡಳು. ಸವದತ್ತಿಗೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಅಲ್ಲಿಂದ ಅವಳ ತವರು ಬೈಲಹೊಂಗಲಕ್ಕೆ ಇನ್ನೊಂದು ಬಸ್ಸು. ಪರಸಪ್ಪ ಓಡಿಬಂದು ಅಡ್ಡ ನಿಂತ, ಅವನ ಹಿಂದೆ ಚಾವಡಿಗೆ ಚಾವಡಿಯೇ ಬಂತು.

"ಮಶಿನ್ ಎಲ್ಲಿಗೆ ಒಯ್ಯಾಕತ್ತಿ? ಅದಿಲ್ಲಂದ್ರ ಅಂಗಡ್ಯಾಗ ಏನ್ ಮಾಡ್ಲಿ ನಾ?"

ಗಂಡನನ್ನು ಎಂದೂ ಬಹುವಚನ ಬಿಟ್ಟು ಕರೆಯದವಳು ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

"ಇದನ್ನ ಲಗ್ನದಾಗ ಕೊಟ್ಟಾವ ನಮ್ಮಪ್ಪ. ಖರೇನೋ ಸುಳ್ಳೋ? ಹೇಳು. ಸುಳ್ಳು ಆಡೂದಿಲ್ಲಲ್ಲಾ ನೀ? ಎಲ್ಲಾರೂ ಕೇಳಾಕತ್ತಾರ, ಹೇಳು."

ಪರಸಪ್ಪ ಹಿಂದೆ ನಿಂತವರನ್ನು ನೋಡಿದ. ಸಾವಕಾರನೂ ನೋಡುತ್ತಿದ್ದ. ಪರಸಪ್ಪ ತಲೆ ತಗ್ಗಿಸಿ ಹೇಳಿದ.

"ಖರೆ."

"ಹಂಗಾರ ಸರಿ," ಎಂದು ಕೆಂಪವ್ವ ಅವನನ್ನು ಭುಜದಿಂದ ನೂಕಿ ಬಸ್ಸು ಹತ್ತಿದಳು.