ಮಲಗಗೊಡದ ಟಗರು

ಮುತ್ತಪ್ಪ ತನ್ನ ಟಗರನ್ನು ಕಳೆದ ಸೋಮವಾರದಿಂದ ಮಲಗಗೊಟ್ಟಿರಲಿಲ್ಲ. ಟಗರಿನ ಕಾಳಗಕ್ಕೆ ಮುಂಚೆ ನಿದ್ದೆ ಕೆಡಿಸಿದರೆ ಟಗರಿಗೆ ಸಿಟ್ಟು ಏರುತ್ತದೆಂಬುದು ಅವರ ಮನೆತನದ ನಂಬಿಕೆ. ಮೊಣಕಾಲು ಮಡಚಲಾಗದಂತೆ ಹಗ್ಗವನ್ನು ಗಿಡ್ಡ ಮಾಡಿ ತೊಲೆಗೆ ಬಿಗಿದಿದ್ದ. ಕಣ್ಣು ಮುಚ್ಚಿದರೆ ಮೂತಿಗೆ ತಣ್ಣೀರು.

ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಓದುತ್ತಿದ್ದ ಮಗ ಕಲ್ಲಪ್ಪ ಹುನಗುಂದಕ್ಕೆ ಬಂದಿಳಿದು ಮನೆ ಸೇರಿದಾಗ, ಟಗರು ತನ್ನ ನೆರಳಿಗೇ ಹಾಯುವಂತೆ ತಲೆ ಬಾಗಿಸಿ ನಿಂತಿತ್ತು. ತಬ್ಬಲಿ ಮರಿಯಾಗಿದ್ದ ಅದನ್ನು ಕಲ್ಲಪ್ಪನ ತಾಯಿ ಚಂದವ್ವ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದಳು.

"ಯಪ್ಪಾ, ಬಿಚ್ಚು ಇದನ್ನ. ಇಲಿಗೋಳ ನಿದ್ದಿ ಕೆಡಿಸಿ ನೋಡ್ಯಾರ, ಪುಸ್ತಕದಾಗ ಐತಿ. ಮಿದುಳಿನಾಗ ಒಂದು ನರ ಇನ್ನೊಂದಕ್ಕ ರಸದ ಕೈಲೆ ಸುದ್ದಿ ಕಳಸ್ತೈತಿ. ನಿದ್ದಿ ಇಲ್ಲಂದ್ರ ಆ ಸುದ್ದಿ ಎಲ್ಲಾ ಗದ್ದಲ ಆಗ್ತೈತಿ. ಕಂಡಕಂಡದ್ದಕ್ಕ ಹಾಯ್ತಾವು."

"ಹಾಯ್ತಾವಿಲ್ಲೋ? ನೋಡಲೇ, ನಿನ್ನ ಪುಸ್ತಕಾನೂ ನನ್ನ ಮಾತ ಹೇಳ್ತೈತಿ!"

"ವೈರಿಗಷ್ಟ ಅಲ್ಲೋ ಯಪ್ಪಾ. ಯಾರಿಗಾದ್ರೂ."

"ನಾಳೆ ಕಾಳಗ ಮುಗೀಲಿ. ಆಮ್ಯಾಲ ತೊಟ್ಟಿಲದಾಗ ಹಾಕಿ ತೂಗು."

ಚಂದವ್ವನಿಗೆ ತಡೆಯಲಾಗಲಿಲ್ಲ. "ನನ್ನ ಕೈಯಾಗ ಬೆಳದದ್ದು, ನನಗೇನ ಮಾಡ್ತೈತಿ?" ಎಂದು ಹೋಗಿ ಹಗ್ಗ ಬಿಚ್ಚಿಯೇ ಬಿಟ್ಟಳು. "ಯವ್ವಾ, ಬ್ಯಾಡ" ಎಂದು ಕಲ್ಲಪ್ಪ ಓಡುವಷ್ಟರಲ್ಲಿ ಟಗರು ಹಿಂದೆ ಸರಿದು ಹಾಯಿತು. ಚಂದವ್ವನ ತೊಡೆಯ ಎಲುಬು ಮುರಿದ ಸದ್ದು ಅಂಗಳಕ್ಕೆಲ್ಲ ಕೇಳಿಸಿತು.

ನೆರೆಯವರು ಅವಳನ್ನು ಗಾಡಿಯಲ್ಲಿ ಹಾಕಿ ದವಾಖಾನೆಗೆ ಒಯ್ದರು. "ಅದಕ್ಕ ನನ್ನ ಗುರ್ತ ಸಿಗಲಿಲ್ಲೋ. ಹೊಡೀಬ್ಯಾಡ್ರಿ" ಎಂದು ನರಳುತ್ತಲೇ ಹೋದಳು.

"ಸಾಕಿದಾಕಿಗೆ ಹಾಯ್ದ ಜೀವ ಮನ್ಯಾಗ ಇರಬಾರದು" ಎಂದ ಮುತ್ತಪ್ಪ, ಕಟುಕ ಬಂದೇನವಾಜನಿಗೆ ಹೇಳಿ ಕಳಿಸಿದ.

ಕಲ್ಲಪ್ಪ ಅಪ್ಪನ ಕಾಲು ಹಿಡಿದ. "ಒಂದು ದಿನ ಮಲಗಲಿ. ಎದ್ದ ಮ್ಯಾಲ ಮೊದಲಿನಂಗ ಆಗ್ತೈತಿ."

"ಆ ಇಲಿಗೋಳು ಆದವೇನು?"

ಮುಂದಿನದನ್ನೂ ಕಲ್ಲಪ್ಪ ಓದಿದ್ದ. ಮಿದುಳಿನ ರಸ ಅಳೆಯಲು ಇಲಿಗಳ ತಲೆ ಕಡಿದಿದ್ದರು. ಒಂದನ್ನೂ ಮಲಗಿ ಏಳಲು ಬಿಟ್ಟಿರಲಿಲ್ಲ.

"ಆದವು" ಎಂದ.

ಮುತ್ತಪ್ಪ ಮಗನ ಮುಖವನ್ನು ನೋಡಿದ. ಕಾಲು ಬಿಡಿಸಿಕೊಂಡು ಒಳಗೆ ನಡೆದ.

ಬಂದೇನವಾಜ ಬಂದಾಗ ಟಗರು ಗೋಡೆಯ ಬುಡದಲ್ಲಿ ಕುತ್ತಿಗೆ ಚಾಚಿ ಬಿದ್ದುಕೊಂಡಿತ್ತು. ಸತ್ತಿದೆಯೇನೋ ಎಂದು ಮೂಗಿಗೆ ಕೈ ಹಿಡಿದು ನೋಡಿದ. ಕಾಲು ಕಟ್ಟಿದರೂ ಅದು ಕಣ್ಣು ತೆರೆಯಲಿಲ್ಲ.

ಕಲ್ಲಪ್ಪ ಅದರ ಕೊಂಬು ಹಿಡಿದು ಅಲುಗಾಡಿಸಿದ. "ಏಳಲೇ, ಏಳು!"

"ಎಬ್ಬಿಸಬ್ಯಾಡ್ರಿ ತಮ್ಮಾ" ಎಂದ ಬಂದೇನವಾಜ. "ಹಿಂಗ ಛಲೋ."