ನನ್ನ ಹೊಟ್ಟೆಯೊಳಗಿನ ನೊರೆ

ನಾನೊಂದು ಕಪ್ಪು ಮಣ್ಣಿನ ಮಡಕೆ. ಹುಟ್ಟಿದ್ದು ಕೊರಿಯಾ ದೇಶದ ಒಂದು ಹಳ್ಳಿಯಲ್ಲಿ. ಈಗ ಇರುವುದು ಮೈಸೂರಿನ ಗೋಕುಲಂನ ಒಂದು ಮನೆಯ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ. ಮರ್ಯಾದಸ್ಥರು ತಮ್ಮ ಕಥೆಯಲ್ಲಿ ಸಾಧನೆ ಹೇಳಿಕೊಳ್ಳುತ್ತಾರೆ. ನನ್ನ ಬಳಿ ಇರುವುದು ಮಾನ ಹೋದ ಒಂದು ಮಧ್ಯಾಹ್ನ ಮಾತ್ರ. ಆದರೂ ಹುಟ್ಟಿನಿಂದಲೇ ಶುರು ಮಾಡುತ್ತೇನೆ.

ಒಬ್ಬ ಮುದುಕ ಕುಂಬಾರ ಮಣ್ಣು ತುಳಿದು, ಹದ ಮಾಡಿ, ತಿಗರಿಯ ಮೇಲೆ ನನ್ನನ್ನು ಎತ್ತಿ, ಆವಿಗೆಯಲ್ಲಿ ಸುಟ್ಟ. ಮೇಲೆ ಹೊಳಪಿದ್ದರೂ ನನ್ನ ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತು. ಕೊಟ್ಟದ್ದನ್ನೆಲ್ಲ ಕುಡಿಯುವ ಜಾತಿ ನನ್ನದು. ನನ್ನನ್ನು ಕೊಂಡವಳು ಯುನ್‌ಹಿ ಎಂಬ ಹುಡುಗಿಯ ತಾಯಿ.

ಆ ಮನೆಯಲ್ಲಿ ನನಗೆ ವರ್ಷಕ್ಕೆ ಮೂರು ದಿನ ದೊಡ್ಡ ಕೆಲಸ. ಬೇಸಿಗೆಯಲ್ಲಿ ಅತಿ ಸೆಕೆಯ ಮೂರು ದಿನ ಅಲ್ಲಿನವರು ಕುದಿಯುವ ಕೋಳಿ ಸಾರು ಕುಡಿಯುತ್ತಾರೆ. ಸೆಕೆಯನ್ನು ಸೆಕೆಯಿಂದಲೇ ಓಡಿಸಬೇಕಂತೆ. ಎಳೆ ಕೋಳಿಯನ್ನು ತುಂಡು ಮಾಡದೆ, ಚರ್ಮ ಸುಲಿಯದೆ, ಅದರ ಹೊಟ್ಟೆಗೆ ನೆನೆಸಿದ ಅಂಟಕ್ಕಿ, ಬೆಳ್ಳುಳ್ಳಿ, ಇಲ್ಲಿನ ಎಲಚಿಯಂಥ ಒಣ ಹಣ್ಣು, ಜಿನ್ಸೆಂಗ್ ಎಂಬ ಬೇರು ಇವನ್ನೆಲ್ಲ ತುಂಬುತ್ತಾರೆ. ಕಾಲಿಗೆ ಕಾಲು ಹೆಣೆದು ದಾರ ಕಟ್ಟಿ ನನ್ನೊಳಗೆ ಕೂರಿಸಿ, ಸಣ್ಣ ಉರಿಯಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಯಿಸುತ್ತಾರೆ. ಊಟವಾದ ಮೇಲೆ ಆ ತಾಯಿ ನನ್ನನ್ನು ಅಕ್ಕಿ ತೊಳೆದ ನೀರಲ್ಲಿ ತೊಳೆಯುತ್ತಿದ್ದಳು.

ಯುನ್‌ಹಿ ಯೋಗ ಕಲಿಯಲು ಮೈಸೂರಿಗೆ ಹೊರಟಾಗ ತಾಯಿ ನನ್ನನ್ನು ಸ್ವೆಟರಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟಳು. ಹಾಗೆ ನಾನು ಚಿಕ್ಕತಾಯಮ್ಮನ ಮನೆಗೆ ಬಂದೆ. ಗಂಡ ತೀರಿಕೊಂಡ ಮೇಲೆ ಅವಳು ಮಹಡಿಯ ಕೋಣೆಯನ್ನು ಯೋಗದವರಿಗೆ ಬಾಡಿಗೆಗೆ ಕೊಟ್ಟು, ಅವರಿಗೆ ಅಡುಗೆಯನ್ನೂ ಮಾಡಿ ಹಾಕುತ್ತಿದ್ದಳು. ಕೈರುಚಿಯ ಬಗ್ಗೆ ಅವಳಿಗೆ ಬಲು ಜಂಬ. “ನಾನು ಬಡಿಸಿದ್ ತಟ್ಟೇಲಿ ಇವತ್ಗಂಟ ಯಾರೂ ಒಂದಗುಳು ಬುಟ್ಟೋರಿಲ್ಲ” ಅನ್ನುವಳು.

ಆಷಾಢದಲ್ಲಿ, ತನ್ನ ದೇಶದ ಸೆಕೆಯ ದಿನ ಬಂದಾಗ, ಯುನ್‌ಹಿ ಸಾರಿಗಿಟ್ಟಳು. ಹೊರಗೆ ಗಾಳಿ ಬೀಸಿ ಜನ ನಡುಗುತ್ತಿದ್ದರೆ ಇವಳದು ಸೆಕೆಯ ಹಬ್ಬ! ಚಿಕ್ಕತಾಯಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು. “ಅಲ್ಲ ಕನ ಮಗ, ಅರ್ಸಿನ ಇಲ್ಲ, ಖಾರ ಇಲ್ಲ, ಒಗ್ರಣೆನೂ ಇಲ್ಲ. ನಮ್ಮ ಬಾಣಂತೀರೂ ಇಷ್ಟು ಸಪ್ಪೆ ತಿನ್ನಕಿಲ್ಲ.” ಆಮೇಲೆ ಒಂದು ಬಟ್ಟಲು ಕುಡಿದಳು. ಇನ್ನೊಂದು ಬಟ್ಟಲಿಗೆ ಕೈ ಚಾಚಿದಳು. ಮಾಡುವ ಬಗೆಯನ್ನೂ ಕಲಿತಳು.

ಊರಿಗೆ ಹೊರಟ ದಿನ ಯುನ್‌ಹಿ ನನ್ನನ್ನು ಅವಳಿಗೇ ಕೊಟ್ಟಳು, ಉಳಿದ ಬೇರುಗಳ ಡಬ್ಬಿಯನ್ನೂ ಕೊಟ್ಟಳು. “ಸೋಪ್ ಬೇಡ, ತಾಯಮ್ಮ. ಅಕ್ಕಿ ನೀರು ಸಾಕು.” ಚಿಕ್ಕತಾಯಮ್ಮ ತಲೆಯಾಡಿಸಿದಳು. ಆಟೋ ತಿರುವು ದಾಟಿದ್ದೇ ತಡ, “ಸೋಪಾಕ್ದೆ ಕೋಳಿ ನೀಚು ವಾಸ್ನೆ ಹೋದದಾ? ಪಾಪ, ಅದ್ಕೇನು ಗೊತ್ತು” ಎಂದು ನನ್ನ ಹೊಟ್ಟೆ ತುಂಬ ಸೋಪಿನ ನೀರು ತುಂಬಿಸಿಟ್ಟಳು.

ನನ್ನಲ್ಲಿ ಅಡುಗೆ ಮಾಡಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟು ಪ್ರೀತಿ. ಶೋಕೇಸಿನಲ್ಲಿಟ್ಟು ನೆಂಟರಿಗೆ “ಫಾರಿನ್ ಮಡ್ಕೆ” ಎಂದು ತೋರಿಸುವಳು. ಶುಕ್ರವಾರ ಶುಕ್ರವಾರ ಹೊಸ್ತಿಲು ತೊಳೆದ ಮೇಲೆ ನನಗೂ ಸೋಪಿನ ಸ್ನಾನ. ಮೂರು ವರ್ಷ ಕುಡಿದೆ. ನಿಜ ಹೇಳಬೇಕೆಂದರೆ ಆ ಸೋಪಿನ ನಿಂಬೆಹಣ್ಣಿನ ಘಮ ನನಗೂ ಹಿಡಿಸಿತ್ತು. ಒಲೆ ಮರೆತು ಶೋಕೇಸಿನಲ್ಲಿ ಮೆರೆದೆ.

ಆ ಮೂರು ವರ್ಷ ತುಂಬಿದಾಗ ಯುನ್‌ಹಿ ಹಿಂತಿರುಗಿದಳು. ಕೆನ್ನೆ ಒಳಗೆ ಹೋಗಿತ್ತು. “ಅಮ್ಮ ಇಲ್ಲ, ತಾಯಮ್ಮ” ಎಂದಳು. ತಾಯಿ ಹೋದಂದಿನಿಂದ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ. ಇಡ್ಲಿ ಕೊಟ್ಟರೆ ಇಡ್ಲಿ, ಗಂಜಿ ಕೊಟ್ಟರೆ ಗಂಜಿ, ಮುಟ್ಟದ ತಟ್ಟೆ ಮಹಡಿಯಿಂದ ಹಾಗೇ ಕೆಳಗೆ ಬರುತ್ತಿತ್ತು. ಹೀಗೇ ಆದರೆ ಈ ಮಗು ಉಳಿಯುವುದಿಲ್ಲವೆಂದು ಚಿಕ್ಕತಾಯಮ್ಮನಿಗೆ ದಿಗಿಲಾಯಿತು. ಹುಡುಗಿಯ ತಾಯಿ ಮಾಡುತ್ತಿದ್ದ ಸಾರೊಂದೇ ದಾರಿ ಎನ್ನಿಸಿತು.

ಕೋಳಿ ಅಂಗಡಿಯವನು ಅಭ್ಯಾಸಬಲದಿಂದ ಚರ್ಮ ಸುಲಿದುಬಿಟ್ಟ. ಅವನಿಗೆ ಬೈದು ಇನ್ನೊಂದು ಕೋಳಿ ತಂದಳು. ಅಂಟಕ್ಕಿ ಇರಲಿಲ್ಲ, ಹೊಸ ಅಕ್ಕಿ ಬೆಂದರೆ ಅಂಟುತ್ತದೆಂದು ಅದನ್ನೇ ತುಂಬಿದಳು. ನನ್ನನ್ನು ಶೋಕೇಸಿನಿಂದ ಇಳಿಸಿ ಒಲೆಯ ಮೇಲಿಟ್ಟಳು.

ಕಾವು ಏರುತ್ತಿದ್ದಂತೆ ನನ್ನ ಮೈಯಲ್ಲಿ ಅಡಗಿದ್ದ ಶುಕ್ರವಾರಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡವು. ತಡೆಯಲು ನನಗೆ ಕೈಯಿಲ್ಲ, ಕೂಗಲು ದನಿಯಿಲ್ಲ. ನೊರೆ ಬಂತು. ಕೋಳಿಯ ನೊರೆಯೆಂದು ಅವಳು ಸೌಟಿನಿಂದ ತೆಗೆದು ಚೆಲ್ಲಿದಳು. ಬೇರಿನ ವಾಸನೆಯಲ್ಲಿ ಸೋಪಿನ ವಾಸನೆ ಮುಚ್ಚಿಹೋಯಿತು. ಬೇರೆ ದಿನವಾಗಿದ್ದರೆ ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕುತ್ತಿದ್ದಳು. ಅಂದು ಸತ್ತ ತಾಯಿಗೆ ಮೊದಲು ಎಡೆ ಇಡಬೇಕಿತ್ತು. ಎಡೆಯ ಅಡುಗೆಯ ರುಚಿ ನೋಡುವ ಹಾಗಿಲ್ಲ. ಯುನ್‌ಹಿ ತಂದಿದ್ದ ಆ ತಾಯಿಯ ಫೋಟೋದ ಮುಂದೆ ಒಂದು ಬಟ್ಟಲು ಇಟ್ಟು ಕೈಮುಗಿದು, ಆಮೇಲೆ ಮಗಳಿಗೆ ಬಡಿಸಿದಳು.

ಯುನ್‌ಹಿ ಒಂದು ಚಮಚ ಕುಡಿದಳು. ಎರಡನೆಯದು ಬಾಯಿಗೆ ಹೋದದ್ದೇ ಎದ್ದು ಬಚ್ಚಲಿಗೆ ಓಡಿದಳು. ಬಂದವಳ ಮುಖ ಬಿಳಿಚಿತ್ತು. “ನಿಮ್ಮ ತಪ್ಪಲ್ಲ, ತಾಯಮ್ಮ. ನನ್ನ ನಾಲಿಗೆ ಹೋಗಿದೆ. ಅಮ್ಮನ ಸಾರು ಕೂಡ ಆಗಲ್ಲ. ಇನ್ನು ಏನೂ ಮಾಡಬೇಡಿ.” ಮೇಲೆ ಹೋಗಿ ಬಾಗಿಲು ಹಾಕಿಕೊಂಡಳು.

ಚಿಕ್ಕತಾಯಮ್ಮ ಆಗ ಒಂದು ಸೌಟು ಬಾಯಿಗಿಟ್ಟು ಥೂ ಎಂದು ಉಗಿದಳು. ಬಗ್ಗಿ ನನ್ನನ್ನು ಮೂಸಿದಳು. ಅವಳ ಕಿವಿಯವರೆಗೂ ಕೆಂಪೇರಿತು. ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟಳು. ಹುಡುಗಿ ತಪ್ಪನ್ನು ತನ್ನ ಮೇಲೇ ಹಾಕಿಕೊಂಡಿದ್ದಳು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸುಮ್ಮನಿರಲಿ, ಸಾರು ಚೆಲ್ಲಿ ನನ್ನನ್ನು ಮತ್ತೆ ಶೋಕೇಸಿಗೆ ಇಡಲಿ ಎಂದು ನಾನು ಬೇಡಿಕೊಂಡೆ. ಮೇಲೆ ಒಂದು ಜೀವ ಉಪವಾಸ ಕೂತಿರುವಾಗ ನನಗೆ ನನ್ನ ಮಾನದ ಚಿಂತೆ. ನಾಚಿಕೆಗೇಡು ನನ್ನ ಬದುಕು.

ಅವಳು ಎದ್ದಳು. ಸಾರು ಚೆಲ್ಲಿ, ಇನ್ನೂ ಬಿಸಿಯಿದ್ದ ನನ್ನನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲು ಹತ್ತಿ ಬಾಗಿಲು ಬಡಿದಳು.

“ಬಾಗ್ಲು ತಗಿ ಮಗ. ನಿನ್ ನಾಲ್ಗೆ ಸರ್ಯಾಗೇ ಅದೆ. ಅದು ಸೋಪು. ನೀನು ಬ್ಯಾಡ ಅಂದಿದ್ದೆ, ನಾನು ಕೇಳ್ನಿಲ್ಲ. ನಿಮ್ಮವ್ವನ ಎಡೆಗೂ ಸೋಪಿನ್ ನೀರೇ ಇಟ್ಬುಟ್ಟೆ ಕನವ್ವ.” ಅವಳ ತಲೆ ಬಗ್ಗಿತ್ತು.

ಯುನ್‌ಹಿ ನನ್ನೊಳಗೆ ಮೂಗಿಟ್ಟು ಮೂಸಿದಳು. ಮತ್ತೊಮ್ಮೆ ಮೂಸಿದಳು. “ಹಾಗಾದ್ರೆ ನನಗೆ ರುಚಿ ಗೊತ್ತಾಗತ್ತೆ” ಎಂದಳು.

ಮಾರನೆಯ ದಿನ ಇನ್ನೊಂದು ಕೋಳಿ ಬಂತು. ಅದಕ್ಕೆ ಮೊದಲು ನನ್ನಲ್ಲಿ ಮೂರು ಸಲ ಅಕ್ಕಿ ತೊಳೆದ ನೀರು ಕುದಿಸಿ ನೋಡಿದರು. ಮೂರು ಸಲವೂ ನೊರೆ ಬಂತು. ನನ್ನನ್ನು ಕಲ್ಲಿನ ಪಕ್ಕ ಬೋರಲು ಹಾಕಿ, ತಗ್ಗು ಬಿದ್ದ ಹಳೆಯ ಅಲ್ಯೂಮಿನಿಯಂ ಡಬರಿಯಲ್ಲಿ ಸಾರು ಮಾಡಿದರು. ಈ ಸಲ ಚಿಕ್ಕತಾಯಮ್ಮ ಎಡೆಗೆ ಮೊದಲೇ ರುಚಿ ನೋಡಿದಳು. “ತೆಪ್ಪಾದ್ರೆ ಪಾಪ ನಂಗಿರ್ಲಿ” ಎಂದಳು. ಕಿಟಕಿಯಿಂದ ಚಮಚದ ಸದ್ದು ಕೇಳಿತು. ಬಹಳ ಹೊತ್ತಿನ ಮೇಲೆ ಯುನ್‌ಹಿಯ ದನಿ: “ತಾಯಮ್ಮ, ಇನ್ನೂ ಇದೆಯಾ?”

ಕೇಳಿ ಸಂತೋಷವಾಯಿತು. ಆ ಮಾತು ಡಬರಿಗೆ ಸಂದದ್ದು ಎಂದು ಹೊಟ್ಟೆಯೂ ಉರಿಯಿತು. ಅದಕ್ಕೂ ನಾಚಿಕೊಂಡೆ.

ವರ್ಷಗಳಾದವು, ಇಲ್ಲೇ ಇದ್ದೇನೆ. ಸೋಪು ಕುಡಿಸಿದವಳ ಮೇಲೆ ನನಗೆ ಸಿಟ್ಟಿಲ್ಲ. ಆ ಮಧ್ಯಾಹ್ನ ನಮ್ಮಿಬ್ಬರ ಮಾನವೂ ಹೋಗಿತ್ತು. ಅವಳು ಅದನ್ನು ಹೊತ್ತು ತಾನೇ ಮೆಟ್ಟಿಲು ಹತ್ತಿದಳು. ನನ್ನನ್ನು ಎತ್ತಿಕೊಂಡು ಹೋಗಬೇಕಾಯಿತು.