ಬೆಲ್ಲ ನೀರು

ಸಿಪ್ರಿಯನ್ ಗಂಜಿಯ ಸೌಟು ಬಾಗಿಸುವಷ್ಟರಲ್ಲಿ ಪೂವಮ್ಮ ಬಟ್ಟಲನ್ನು ಅಂಗೈಯಿಂದ ಮುಚ್ಚಿದಳು.

"ನನಗೆ ಬೇಡ."

"ನಿನ್ನೆಯೂ ಬೇಡ ಅಂದ್ರಿ. ಹೊಟ್ಟೆ ಸರಿ ಇಲ್ವಾ?"

"ಹೊಟ್ಟೆ ಸರಿ ಉಂಟು." ಆಕೆ ಗೋಡೆಯ ಕಡೆ ಮುಖ ಮಾಡಿದಳು.

ಸಾಲಿನ ಕೊನೆಯಲ್ಲಿದ್ದ ಮುದುಕ ಧರ್ಣಪ್ಪ, "ಬ್ರದರೇ, ಅವಳದ್ದು ಇಲ್ಲಿ ಹಾಕಿ. ನನ್ನ ಹೊಟ್ಟೆಗೆ ಸಿಟ್ಟು ಬರುವ ಅಭ್ಯಾಸ ಇಲ್ಲ" ಎಂದ. ಎಲ್ಲರೂ ನಕ್ಕರು. ಪೂವಮ್ಮ ನಗಲಿಲ್ಲ.

ಮನೆಮಠ ಇಲ್ಲದವರಿಗಾಗಿ ಲಾಯಿಲದ ರಸ್ತೆ ಬದಿಯಲ್ಲಿ ಇಗರ್ಜಿಯವರು ನಡೆಸುತ್ತಿದ್ದ ಆಶ್ರಯ ಅದು. ಪಾದ್ರಿಯಾಗಲು ಓದುತ್ತಿದ್ದ ಸಿಪ್ರಿಯನ್‌ನನ್ನು ಎಪ್ಪತ್ತೆಂಟರ ಬೇಸಿಗೆಯಲ್ಲಿ ಸೆಮಿನರಿಯಿಂದ ತರಬೇತಿಗೆ ಇಲ್ಲಿಗೆ ಕಳಿಸಿದ್ದರು. ಬಂದು ಇನ್ನೂ ವಾರವಾಗಿರಲಿಲ್ಲ.

ಊಟ ಮುಗಿದ ಮೇಲೆ ನೋಡಿದರೆ ಪೂವಮ್ಮ ಹಳೆಯ ಸೀರೆಯೊಂದರಲ್ಲಿ ತನ್ನ ಬಟ್ಟೆಬರೆ ಗಂಟು ಕಟ್ಟುತ್ತಿದ್ದಳು.

"ಎಲ್ಲಿಗಮ್ಮ?"

"ಬಸ್‌ಸ್ಟ್ಯಾಂಡಿಗೆ. ಮೊದಲು ಇದ್ದದ್ದು ಅಲ್ಲೇ ಅಲ್ವಾ? ಬಿಸಿಲು ಇಳಿದ ಮೇಲೆ ಹೊರಡ್ತೇನೆ."

ಕಳೆದ ಮಳೆಗಾಲದಲ್ಲಿ ಅವಳನ್ನು ಅಲ್ಲಿಂದ ಜ್ವರದಲ್ಲಿ ಎತ್ತಿಕೊಂಡು ಬಂದದ್ದಂತೆ. ಪಡುವಣದಲ್ಲಿ ಆಗಲೇ ಮೋಡ ಕಟ್ಟಿತ್ತು. ಸಿಪ್ರಿಯನ್ ಬಾವಿಕಟ್ಟೆಗೆ ಓಡಿದ. ಧರ್ಣಪ್ಪ ಬಟ್ಟಲು ತಿಕ್ಕುತ್ತಿದ್ದ.

"ನಾನೇನು ತಪ್ಪು ಮಾಡಿದೆ?"

"ನೀವು ಬಂದ ದಿನ ಅವಳು ಬೆಲ್ಲ ನೀರು ತಂದದ್ದು ನೆನಪುಂಟಾ?"

ನೆನಪಿತ್ತು. ಅವತ್ತು ಅವನ ಕೈಯಲ್ಲಿ ಇನ್ನೂ ಚೀಲ ಇತ್ತು. ಒಂದು ಚೆಂಬು ನೀರು, ಹಲಸಿನ ಎಲೆಯ ಮೇಲೆ ಬೆಲ್ಲದ ತುಂಡು. 'ಬೇಡಮ್ಮ, ನಿಮಗೇ ಇರಲಿ' ಎಂದಿದ್ದ. ಹಾಗೆ ಹೇಳಿದ್ದಕ್ಕೆ ತನ್ನ ಬಗ್ಗೆ ತನಗೇ ಖುಷಿಯಾಗಿತ್ತು ಕೂಡ.

"ಬಡವರದ್ದು ಯಾಕೆ ತಿನ್ನುವುದು ಅಂತ..."

"ಅವಳಿಗೆ ಹಾಗೆ ಕಾಣಲಿಲ್ಲ ಮಾರಾಯ್ರೆ. ಜಮೀನಿನ ದನಿಗಳ ಮನೆಯಲ್ಲಿ ದನದ ಹಟ್ಟಿ ಕೆಲಸ ಮಾಡಿದವಳು. ಅಲ್ಲಿ ಅವಳ ಕೈ ನೀರು ಯಾರೂ ಕುಡಿದವರಿಲ್ಲ. ಇಲ್ಲಿ ಬಂದವರಿಗೆಲ್ಲ ಅವಳೇ ಕೊಡುವುದು. ಬೆಳಿಗ್ಗೆ ಕಾಫಿಗೆ ಕೊಟ್ಟ ಬೆಲ್ಲ ತಿನ್ನದೆ ಡಬ್ಬಿಗೆ ಹಾಕ್ತಾಳೆ. ಸಪ್ಪೆ ಕಾಫಿಯೇ ಕುಡಿಯುವುದು."

ಸಿಪ್ರಿಯನ್ ಮನೆಯ ಕಡೆ ತಿರುಗಿದ. "ಈಗ ಹೋಗಿ ಕೇಳಿದರೆ?"

"ಮನೆಯೊಳಗೆ ಇದ್ದವರಿಗೆ ಯಾರಾದರೂ ಬೆಲ್ಲ ನೀರು ಕೊಡ್ತಾರಾ? ಅದು ಬಂದವರಿಗೆ."

ಮೂಡಬಿದಿರೆಯ ತನ್ನ ಮನೆಯಲ್ಲೂ ಹಾಗೆಯೇ. ಬಳೆ ಮಾರುವವಳು ಬಂದರೂ ಅಮ್ಮ ಮೊದಲು ಬೆಲ್ಲ ಹುಡುಕುತ್ತಿದ್ದಳು. ಸೆಮಿನರಿಯಲ್ಲಿ ಅಷ್ಟು ವರ್ಷ ಓದಿ ಅದನ್ನೇ ಮರೆತೆನಲ್ಲ ಎನ್ನಿಸಿತು. ಅವನು ಒಳಗೆ ಹೋಗಿ ಚೀಲ ಹೆಗಲಿಗೆ ಹಾಕಿಕೊಂಡು, ಯಾರಿಗೂ ಹೇಳದೆ ರಸ್ತೆಗಿಳಿದ.

ಬೆಳ್ತಂಗಡಿ ಪೇಟೆಯ ತನಕ ನಡೆದು, ಹಾಗೆಯೇ ತಿರುಗಿ ಬಂದ. ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಹೋಗದೆ, ಮೆಟ್ಟಲ ಕೆಳಗೆ ಚಪ್ಪಲಿ ಬಿಟ್ಟು ಜಗಲಿಯ ತುದಿಯಲ್ಲಿ ಕೂತ.

ಗಂಟು ಕಂಕುಳಲ್ಲಿಟ್ಟುಕೊಂಡು ಪೂವಮ್ಮ ಹೊರಗೆ ಬಂದಳು.

"ಇಲ್ಲಿ ಯಾಕೆ ಕೂತದ್ದು?"

"ಈಗಷ್ಟೇ ಬಂದೆ. ನಡೆದು ನಡೆದು ಗಂಟಲು ಒಣಗಿತು."

"ಒಳಗೆ ಕೊಡಪಾನದಲ್ಲಿ ನೀರುಂಟು."

"ಬಂದವನು ನೇರ ಅಡುಗೆಮನೆಗೆ ನುಗ್ಗುವುದಾ, ಅಮ್ಮ?"

ಪೂವಮ್ಮ ಅವನ ಧೂಳು ಹಿಡಿದ ಪಾದಗಳನ್ನು ನೋಡಿದಳು, ಚೀಲವನ್ನು ನೋಡಿದಳು. ಒಳಗಿನಿಂದ ಧರ್ಣಪ್ಪನ ಸ್ವರ ಕೇಳಿತು: "ಪೂವಕ್ಕ, ಯಾರು ಬಂದದ್ದು?"

"ಯಾರೋ. ಗುರ್ತ ಇಲ್ಲ."

ಅವಳು ಜಗಲಿಯ ಮೇಲೆ ಗಂಟು ಇಳಿಸಿದಳು. ಬಿಚ್ಚಿ, ಬಟ್ಟೆಗಳ ಅಡಿಯಿಂದ ಡಬ್ಬಿ ತೆಗೆದಳು. ಹಿತ್ತಿಲ ಹಲಸಿನ ಎಲೆ ಬಂತು, ಚೆಂಬು ಬಂತು.

ಬೆಲ್ಲ ಬೆವರಿ ಅಂಟುಅಂಟಾಗಿತ್ತು. ಸಿಪ್ರಿಯನ್ ಅದನ್ನು ಒಂದೇ ಸಲ ನುಂಗದೆ, ಚೂರು ಚೂರೇ ಕಚ್ಚಿ, ಎಲೆಗೆ ಅಂಟಿದ್ದನ್ನೂ ಬೆರಳಿನಿಂದ ತೆಗೆದು ತಿಂದ. ಚೆಂಬನ್ನು ಎರಡೂ ಕೈಯಲ್ಲಿ ಹಿಡಿದು ಕುಡಿದ.

"ಇನ್ನೊಂದು ತುಂಡು?"

"ಕೊಡಿ."

ಅಂಗಳದ ಧೂಳಿನಲ್ಲಿ ದಪ್ಪ ದಪ್ಪ ಹನಿ ಬಿದ್ದವು. "ಒಳಗೆ ಬನ್ನಿ, ಒದ್ದೆಯಾಗ್ತದೆ" ಎಂದ ಪೂವಮ್ಮ ಬಟ್ಟೆಗಳನ್ನು ಬಾಚಿ ಎದೆಗೊತ್ತಿಕೊಂಡು, "ಗಂಜಿ ಉಳಿದಿದ್ದರೆ ಬಡಿಸಿ, ಬ್ರದರೇ" ಎನ್ನುತ್ತ ಮುಂದೆ ನಡೆದಳು.

ಗಂಟು ಕಟ್ಟಿದ್ದ ಸೀರೆ ಜಗಲಿಯಲ್ಲೇ ಹರಡಿಕೊಂಡಿತ್ತು. ಸಿಪ್ರಿಯನ್ ಅದನ್ನು ಕೊಡವಿ, ನಾಲ್ಕು ಮಡಿಕೆ ಮಡಚಿ, ಅಂಟಾದ ಬೆರಳು ತಾಗದ ಹಾಗೆ ಮುಂಗೈಯ ಮೇಲೆ ಹಾಕಿಕೊಂಡು ಅವಳ ಹಿಂದೆ ಒಳಗೆ ಹೋದ.